ಭಟ್ಟಿ ಆರುವ ಮುಂಚೆ

ಮೊನ್ನೆ ಹೊಸ ಮಡಕೆ ತಂದು ನೀರು ತುಂಬಿಸಿದೆ. ಒಣ ಮಣ್ಣು ಮೊದಲ ಸಲ ನೀರು ಕುಡಿಯುವಾಗ ಏಳುವ ವಾಸನೆ ಅಡುಗೆಮನೆಯಲ್ಲೆಲ್ಲ ಹಬ್ಬಿತು. ತಂಬಿಗೆ ಕೈಯಲ್ಲೇ ಉಳಿಯಿತು... ನಮ್ಮ ಸರ್ ನೆನಪಾದರು.

ನಿವೃತ್ತರಾದ ಮೇಲೆ ಸರ್ ಬೆಳಗಾವಿಯ ಟಿಳಕವಾಡಿಯಲ್ಲಿ, ತಮ್ಮ ಮನೆಯ ಪಡಸಾಲೆಯಲ್ಲೇ, ಶನಿವಾರ ಸಂಜೆ ಕ್ವಾಂಟಮ್ ಕಂಪ್ಯೂಟರಿನ ಪಾಠ ಹೇಳುತ್ತಿದ್ದರು. ಕಲಿಯಲು ಬರುತ್ತಿದ್ದವರು ನಾವು ಕೆಲವು ಹೈಸ್ಕೂಲ್ ಶಿಕ್ಷಕರು. ಸಾಲೆಯಲ್ಲಿ ಮಕ್ಕಳಿಗೆ ಗಣಿತ ಕಲಿಸಿ ಬೀಗುತ್ತಿದ್ದ ನನಗೆ ಈ ವಿಷಯ ಮಾತ್ರ ಕಬ್ಬಿಣದ ಕಡಲೆ. ಮಾಮೂಲಿ ಕಂಪ್ಯೂಟರಿನ ಬಿಟ್ ಸೊನ್ನೆಯಾಗಿರುತ್ತದೆ, ಇಲ್ಲವೇ ಒಂದಾಗಿರುತ್ತದೆ. ಕ್ಯೂಬಿಟ್ ಹಾಗಲ್ಲ, ಎರಡೂ ಬೆರೆತ ಸ್ಥಿತಿಯಲ್ಲಿ ಇರಬಲ್ಲದು. ಅಳೆದು ನೋಡಿದೊಡನೆ ಎರಡರಲ್ಲೊಂದಾಗಿಬಿಡುತ್ತದೆ. ಹಾಗಾದರೆ ಇದು ಎಲ್ಲ ಉತ್ತರಗಳನ್ನೂ ಒಮ್ಮೆಲೇ ಕೊಡುವ ಯಂತ್ರವೇ ಎಂದು ಕೇಳಿದೆ.

"ಅಲ್ರಿ ಟೀಚರ್, ಹಂಗಿದ್ರ ಇಷ್ಟ ತ್ರಾಸ ಯಾಕ ಬೇಕಿತ್ತು? ಎರಡ ತೆರಿ ಕೂಡಿದಲ್ಲಿ ನೀರು ಒಂದ ಕಡೆ ಉಬ್ಬತೈತಿ, ಇನ್ನೊಂದ ಕಡೆ ಸಪಾಟ ಆಗತೈತಿ. ಇಲ್ಲೂ ತಪ್ಪ ಉತ್ತರ ಸಪಾಟ ಆಗಬೇಕು, ಖರೇ ಉತ್ತರ ಉಬ್ಬಬೇಕು. ಅಲ್ಲೀಮಟ ಯಾರೂ ಇಣಕಬಾರದು."

ಒಂದಿಷ್ಟು ಶಾಖ ತಾಗಿದರೂ, ಸ್ವಲ್ಪ ಅಲುಗಿದರೂ ಅದು ಇಣುಕಿದ ಹಾಗೇ, ಲೆಕ್ಕ ಕೆಟ್ಟಿತು ಎನ್ನುತ್ತಿದ್ದರು. ಅದನ್ನು ಕಣ್ಣಾರೆ ತೋರಿಸಲು ನಮ್ಮನ್ನು ಒಂದು ದಿನ ಖಾನಾಪುರದ ತಮ್ಮ ತಾಯಿಯ ಮನೆಗೆ ಕರೆದೊಯ್ದರು. ಅವರದು ಕುಂಬಾರ ಮನೆತನ. ಹಾಸಿಗೆ ಹಿಡಿಯುವ ಮುಂಚೆ ತಾಯಿ ಮಾಡಿಟ್ಟಿದ್ದ ಮಡಕೆಗಳನ್ನು ಸರ್ ಅವರ ತಂಗಿ ಭಟ್ಟಿಗೆ ಹಾಕಿ ಸುಟ್ಟಿದ್ದರು. ಬೆಂಕಿ ಆರಿದ್ದರೂ ಭಟ್ಟಿಯ ಬಾಯಿಗೆ ಮೆತ್ತಿದ ಮಣ್ಣು ಹಾಗೇ ಇತ್ತು. ಒಳಗಿನ ಬಿಸಿಗೆ ತಂಪುಗಾಳಿ ತಾಗಿದರೆ ಮಡಕೆಗಳು ಸೀಳಿಹೋಗುತ್ತವೆ, ಮರುದಿನದವರೆಗೂ ತೆಗೆಯುವಂತಿಲ್ಲ.

"ಗಡಿಗಿ ನಾವು ನೋಡಿದ್ರೂ ಗಡಿಗಿನ, ನೋಡದಿದ್ರೂ ಗಡಿಗಿನ. ಕ್ಯೂಬಿಟ್ ಹಂಗಲ್ಲ," ಎಂದು ಸರ್ ಎಚ್ಚರಿಸಿದರು. "ಮುಗಿಯೂ ಮುಂಚೆ ಮುಟ್ಟಿದ್ರ ಕೆಡತೈತಿ, ಅಷ್ಟ ತಿಳ್ಕೋರಿ."

ಅಷ್ಟರಲ್ಲಿ ತಂಗಿ ಒಳಗಿನಿಂದ ಓಡಿ ಬಂದರು. ತಾಯಿಗೆ ಬೆಳಿಗ್ಗೆಯಿಂದ ಏದುಸಿರು ಹತ್ತಿತ್ತು.

"ಅಣ್ಣಾ, ಗಡಿಗಿ ಹೆಂಗ ಬಂದಾವ ಅಂತ ಒಂದ ಸವನ ಕೇಳಾಕತ್ತಾಳ."

"ಇನ್ನಾ ಆರಿಲ್ಲವಾ. ನಾಳೆ ತೋರಸೂಣು."

"ನಾಳೀತನಕ ಅವ್ವ ಇರಬೇಕಲ್ಲ."

ಸರ್ ಭಟ್ಟಿಯ ಮಣ್ಣಿನ ಮೇಲೆ ಕೈ ಇಟ್ಟರು, ತೆಗೆದರು, ಮತ್ತೆ ಇಟ್ಟರು. ಒಳಗೆ ತಾಯಿಯ ಕೆಮ್ಮು ಕೇಳುತ್ತಿತ್ತು. ಅದು ನಿಂತಾಗ ಇನ್ನೂ ಭಯವಾಗುತ್ತಿತ್ತು. ಸರ್ ಒಮ್ಮೆ ಮನೆಯ ಬಾಗಿಲ ಕಡೆ ನೋಡಿದರು. ಆಮೇಲೆ ಸಲಿಕೆ ಎತ್ತಿ ಮಣ್ಣು ಒಡೆದರು.

ಬಿಸಿ ಮುಖಕ್ಕೆ ಬಡಿಯಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಟಪ್ ಎಂದಿತು, ಮತ್ತೊಮ್ಮೆ ಟಪ್... ಒಂದರ ಹಿಂದೊಂದು ಸೀಳುತ್ತಿದ್ದವು. ಸರ್ ಗೋಣಿತಟ್ಟು ಹಿಡಿದು ನೆಟ್ಟಗಿದ್ದಂತೆ ಕಂಡ ಒಂದನ್ನು ಹೊರಗೆಳೆದರು. ಕೈಗೆ ತಾಳುವಷ್ಟು ಆರಿದ ಮೇಲೆ ಒಳಗೆ ಒಯ್ದು ತಾಯಿಯ ಮಗ್ಗುಲಲ್ಲಿ ಇಟ್ಟರು. ಮುದುಕಿ ಬೆರಳು ಮಡಿಸಿ ಮಡಕೆಗೆ ಬಡಿದರು. ದನಿ ಖಣ್ಣೆನ್ನದೆ ಬೋಂಗಾಗಿ ಬಂತು. ಬಿರುಕು ನಮ್ಮ ಕಣ್ಣಿಗೆ ಕಾಣದಿದ್ದರೂ ಅವರಿಗೆ ಕೇಳಿಸಿತ್ತು.

"ಬೇಯೂತನಕ ಕಾದಿ, ಆರೂತನಕ ಕಾಯೂದಾಗಲಿಲ್ಲೇನಪಾ," ಎಂದರು. ತುಟಿಯಲ್ಲಿ ನಗು ಇತ್ತು. ಅಂಗೈಯನ್ನು ಮಡಕೆಯ ಹೊಟ್ಟೆಯ ಮೇಲಿಟ್ಟು ಕಣ್ಣು ಮುಚ್ಚಿದರು. ಮತ್ತೆ ಮಾತಾಡಲಿಲ್ಲ, ಹೊತ್ತು ಮುಳುಗುವ ಮುಂಚೆ ಹೋದರು. ಕೈ ಅಲ್ಲೇ ಇತ್ತು.

ಆಮೇಲೆ ಎಷ್ಟೋ ಶನಿವಾರ ಪಾಠ ನಡೆಯಲಿಲ್ಲ. ಮತ್ತೆ ಸೇರಿದ ದಿನ ಸರ್ ಬೋರ್ಡು ಒರೆಸಿ ನಮ್ಮ ಕಡೆ ನೋಡಿದರು.

"ನಿಮಗ ಇಣಕಬ್ಯಾಡ್ರಿ ಅಂತ ಹೇಳಿ ನಾನ ಇಣಕಿದೆ. ಅವ್ವನ ಗಡಿಗಿ ಒಂದೂ ಉಳೀಲಿಲ್ಲ. ಆದ್ರ... ಹೋಗುವಾಗ ಆಕಿ ಕೈ ಬೆಚ್ಚಗಿತ್ತರಿ."

ಅಷ್ಟು ಹೇಳಿ ಬೋರ್ಡಿನ ಕಡೆ ತಿರುಗಿದರು.

ಹೋದ ವರ್ಷ ಸರ್ ಕೂಡ ತೀರಿಕೊಂಡರು. ಆ ಪಾಠ ಈಗ ನನ್ನ ಪಾಲಿಗೆ ಬಂದಿದೆ. ಮೊನ್ನೆ ಶನಿವಾರ, ಕ್ಯೂಬಿಟ್ಟನ್ನು ಇಣುಕಬಾರದು ಎಂದಾಗ, ಕಲಿಯಲು ಬರುವ ಹುಡುಗಿಯೊಬ್ಬಳು ಕೇಳಿದಳು: "ಹಂಗಾದ್ರ ಯಾವಾಗ ನೋಡಬೇಕ್ರಿ ಟೀಚರ್?"

"ಲೆಕ್ಕ ಮುಗದ ಮ್ಯಾಲವಾ," ಎಂದೆ. ಉತ್ತರ ಸರಿಯಾಗಿಯೇ ಇತ್ತು. ಆದರೂ ಅವ್ವನಿಗಾಗಿ ಭಟ್ಟಿ ಒಡೆದ ಸರ್ ಇದ್ದಿದ್ದರೆ ಅಷ್ಟಕ್ಕೇ ನಿಲ್ಲಿಸುತ್ತಿರಲಿಲ್ಲ ಅನ್ನಿಸಿತು. ಮುಂದೆ ಏನು ಹೇಳುತ್ತಿದ್ದರೋ... ಕೇಳೋಣವೆಂದರೆ ಅವರಿಲ್ಲ.