ಕೆರೆಯ ಜೊಂಡಿಗೆ ನಾನಿಟ್ಟ ಹೆಸರು

ಆ ಬೆಳಿಗ್ಗೆ ಕೆರೆ ಏರಿಯ ಮೇಲೆ ನಾವು ನಾಲ್ಕು ಜನ ಇದ್ದೆವು. ಕುಡುಗೋಲು ಹಿಡಿದು, ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿದ್ದ ನನ್ನ ಸೋದರತ್ತೆ. ಬೈಕನ್ನು ಹುಣಸೆ ಮರದ ಕೆಳಗೆ ನಿಲ್ಲಿಸಿ ಬಂದ ಪಂಚಾಯ್ತಿ ಮೆಂಬರು. ಬಂಡೀಪುರದ ಕಾಡಿನಲ್ಲಿ ವಾಚರ್ ಆಗಿದ್ದು ರಿಟೈರಾಗಿ, ಈಗ ಊರಲ್ಲಿ ನಾಲ್ಕು ಮೇಕೆ ಮೇಯಿಸಿಕೊಂಡಿದ್ದ ಮುದುಕಪ್ಪ. ಮತ್ತು ಚಾಮರಾಜನಗರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಹೇಳುವ ನಾನು. ನಮ್ಮೂರು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆಯಿಂದ ಒಂದಿಷ್ಟು ಒಳಕ್ಕಿದೆ. ಭಾನುವಾರವಾದ್ದರಿಂದ ಊರಿಗೆ ಹೋಗಿದ್ದೆ.

ಮೆಂಬರು ಕರೆಸಿದ್ದು ನನ್ನನ್ನೇ. ಕೆರೆಯ ಹೂಳೆತ್ತುವುದಕ್ಕೆ ಆರ್ಡರ್ ಬಂದಿತ್ತು. ಪಡುವಣ ಮೂಲೆಯಲ್ಲಿ, ಮೊಣಕಾಲುದ್ದ ನೀರಿನಲ್ಲಿ, ಆಳೆತ್ತರದ ಜೊಂಡು ಒತ್ತಾಗಿ ನಿಂತಿತ್ತು.

"ನೋಡಿ ಮೇಷ್ಟ್ರೇ, ನಿಮ್ಮತ್ತೆ ಈ ಜೊಂಡಲ್ಲೇ ಚಾಪೆ ಎಣೀತಾಳೆ ಅಂತ ನಂಗೂ ಗೊತ್ತು. ಸುಮ್ನೆ ಬುಟ್ಬುಟ್ರೆ ನಾಳೆ ಊರವ್ರು ನನ್ ಮ್ಯಾಕೆ ಬೀಳ್ತಾರೆ. ಓದ್ದೋರು ನೀವು. ಈ ಗಿಡ ಇರ್ಲಿ ಅಂತ ಒಂದು ಕಾಗದ ಬರ್ಕೊಡಿ, ಆ ಮೂಲೆ ಮುಟ್ಟದೆ ಜೆಸಿಬಿ ಬುಡ್ಸ್ತೀನಿ" ಅಂದರು ಮೆಂಬರು.

"ಬರ್ಕೊಡು ಮಗ. ಒಂದು ಮೂಲೆ ಉಳುದ್ರೆ ಸಾಕು ಕಣಪ್ಪ ನಂಗೆ" ಅಂದಳು ಅತ್ತೆ.

"ಬರೀತಾನೆ ಬುಡಮ್ಮಿ. ಸಂಬಳ ತಿನ್ನೋದು ಇನ್ಯಾತಕ್ಕೆ?" ಅಂದ ವಾಚರ್ ಮುದುಕಪ್ಪ, ಮೇಕೆಯ ಕಡೆಗೊಂದು ಕಲ್ಲು ಬೀಸುತ್ತ.

ನಮ್ಮ ಕಡೆ ಹೆಣ್ಣುಮಗಳು ಬಾಣಂತನಕ್ಕೆ ತವರಿಗೆ ಬಂದರೆ ಹೊಸ ಚಾಪೆ ಹಾಸಬೇಕು. ಹಳೆಯದು ಆಗದು, ಪ್ಲಾಸ್ಟಿಕ್ಕಂತೂ ಆಗಲೇ ಆಗದು, ಮೈಗೆ ಉಷ್ಣ ಎನ್ನುತ್ತಾರೆ. ಬಾಣಂತಿಗೂ ಕೂಸಿಗೂ ಸೇರಿಸಿ ಒಂದೇ ಚಾಪೆ, ಕೂಸು ಮಲಗುವ ಕಡೆ ಎರಡು ಬೆರಳು ಹೆಚ್ಚು ಒತ್ತಾಗಿ ಹೆಣೆದದ್ದು. ಅದು ಅತ್ತೆಯ ಕೈಯದ್ದೇ ಆಗಬೇಕೆಂದು ದೂರದ ಪುಣಜನೂರಿನಿಂದಲೂ ಹೇಳಿ ಕಳಿಸುತ್ತಿದ್ದರು. ತೆನೆ ಕಂದು ಬಣ್ಣಕ್ಕೆ ತಿರುಗುವವರೆಗೆ ಅತ್ತೆ ಜೊಂಡಿಗೆ ಕುಡುಗೋಲು ಹಾಕುತ್ತಿರಲಿಲ್ಲ. ನೀರುಕೋಳಿ ಗೂಡು ಕಟ್ಟಿದ ಪೊದೆಯನ್ನು ಮುಟ್ಟುತ್ತಿರಲಿಲ್ಲ. ಕುಯ್ದದ್ದನ್ನು ಏರಿಯ ಮೇಲೆ ಹರಡಿ, ಉಗುರಿನಲ್ಲಿ ಸೀಳಿ, ಒಣಗಿಸಿ, ಜಗುಲಿಯ ಮೇಲೆ ಹುರಿ ಬಿಗಿದು ಹೆಣೆಯಲು ಕೂತಳೆಂದರೆ ನಮಗೆಲ್ಲ ಕಥೆ ಶುರುವಾಯಿತೆಂದೇ ಅರ್ಥ. ನಾನು ಮಾತು ಕಲಿತದ್ದು ಆ ಜಗುಲಿಯಲ್ಲಿ. ಗಂಡ ತೀರಿಕೊಂಡ ಮೇಲೆ ಅವಳಿಗೆ ಇದ್ದದ್ದು ಆ ಕೆಲಸ ಒಂದೇ. ಬೇರೆ ಯಾವುದೂ ಅವಳಿಗೆ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಒಂದು ಸಾಲು ಬರೆದುಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು. ನಾನು ಒಂದು ದಂಟನ್ನು ಮುರಿದುಕೊಂಡು ಚಾಮರಾಜನಗರಕ್ಕೆ ತಂದೆ.

ಇಲ್ಲಿ ನನ್ನ ಹುಚ್ಚಿನ ಮಾತು ಸ್ವಲ್ಪ ಹೇಳಬೇಕು. ದಕ್ಷಿಣ ಅಮೆರಿಕದ ಕೆರೆಗಳಲ್ಲಿ ತೊತೋರ ಎಂಬ ಒಂದು ಜೊಂಡು ಬೆಳೆಯುತ್ತದೆ. ಎಲೆ ಇದ್ದೂ ಇಲ್ಲದ ಹಾಗೆ, ಬರೀ ದಂಟು. ಬೆರಳ ನಡುವೆ ಹೊಸೆದರೆ ತುದಿಯ ಕಡೆಗೆ ಮೂರು ಮೂಲೆ ಸಿಗುತ್ತದೆ. ತುದಿಯಲ್ಲಿ ಕಂದು ತೆನೆಗಳ ಗೊಂಚಲು. ಕೆಸರಿನೊಳಗೆ ಅಡ್ಡಡ್ಡ ಹರಿಯುವ ಗೆಡ್ಡೆಬೇರು. ಆಂಡಿಸ್ ಬೆಟ್ಟಗಳ ಮೇಲಿನ ದೊಡ್ಡ ಸರೋವರದ ಜನ ಅದನ್ನೇ ಕಟ್ಟು ಕಟ್ಟಿ ದೋಣಿ ಮಾಡುತ್ತಾರೆ, ಅದರ ಮೇಲೇ ಮನೆ ಕಟ್ಟುತ್ತಾರೆ, ಬುಡದ ಬಿಳಿ ತಿರುಳನ್ನು ತಿನ್ನುತ್ತಾರೆ. ಉತ್ತರಕ್ಕೆ ಕ್ಯಾಲಿಫೋರ್ನಿಯಾದ ಜೌಗಿನಿಂದ ದಕ್ಷಿಣಕ್ಕೆ ಚಿಲಿ, ಅರ್ಜೆಂಟೀನಾದವರೆಗೆ ಅದರ ಸೀಮೆ. ನಡುಸಮುದ್ರದ ಈಸ್ಟರ್ ದ್ವೀಪದಲ್ಲೂ ಇದೆ. ಅಲ್ಲಿಗೆ ಹಕ್ಕಿ ಒಯ್ದಿತೋ ಅಲೆ ಒಯ್ದಿತೋ ಎಂದು ತಿಳಿದವರು ಇನ್ನೂ ಮಾತಾಡುತ್ತಲೇ ಇದ್ದಾರೆ. ಅತ್ತೆಯ ಚಾಪೆಯ ಮೇಲೆ ಬೆಳೆದವನಿಗೆ ಇದೆಲ್ಲ ಓದಿ ಮೈ ಜುಮ್ಮೆನ್ನದೆ ಇರುತ್ತದೆಯೇ? ಎಷ್ಟೋ ವರ್ಷ ಆ ಜೊಂಡಿನ ಬಗ್ಗೆ ಸಿಕ್ಕಿದ್ದೆಲ್ಲ ಓದಿದ್ದೆ.

ಸಂಜೆ ನಮ್ಮ ಕೆರೆಯ ದಂಟಿನ ತೆನೆ ಬಿಡಿಸಿ ಭೂತಗನ್ನಡಿಯ ಕೆಳಗೆ ಇಟ್ಟೆ. ಬೀಜದ ಸುತ್ತ ಸಣ್ಣ ಸಣ್ಣ ಕೂದಲು. ಅವು ನೆಟ್ಟಗೆ ಮುಳ್ಳಿನ ಹಾಗಿರಲಿಲ್ಲ, ಹಕ್ಕಿಯ ಗರಿಯ ಹಾಗೆ ಕವಲೊಡೆದಿದ್ದವು. ತೊತೋರದ ಗುರುತೂ ಅದೇ. ನಮ್ಮ ಸೀಮೆಯ ಗಿಡಗಳ ಪುಸ್ತಕ ಕಾಲೇಜಿನ ಕಪಾಟಿನಲ್ಲೇ ಇತ್ತು. ನಾನು ಅದನ್ನು ತೆಗೆದು ನೋಡಲಿಲ್ಲ. ನೋಡಬೇಕು ಅನ್ನಿಸಲೂ ಇಲ್ಲ.

ಒಂದೂವರೆ ಪುಟ ಬರೆದೆ. ಇದು ದಕ್ಷಿಣ ಅಮೆರಿಕದ ಜಾತಿ, ನಮ್ಮ ಕಡೆ ಈವರೆಗೆ ಯಾರೂ ಗುರುತಿಸಿಲ್ಲ, ಆದ್ದರಿಂದ ಜೋಪಾನ ಮಾಡತಕ್ಕದ್ದು ಎಂದು ಬರೆದು ಕೆಳಗೆ ಸಹಿ ಹಾಕಿದೆ. ಮುಂದಿನ ಭಾನುವಾರ ಜಗುಲಿಯಲ್ಲಿ ಕೂತು ಅತ್ತೆಗೆ ಓದಿ ಹೇಳಿದೆ.

"ಯಾವ ದೇಸದ್ದು ಅಂದೆ?"

"ದಕ್ಷಿಣ ಅಮೆರಿಕ, ಅತ್ತೆ."

"ನಮ್ಮಜ್ಜಿ ಕುಯ್ತಿದ್ದದ್ದೂ ಇದ್ನೇ ಕಣ್ಲಾ. ಅವಳೇನು ಇಮಾನದಲ್ಲಿ ಓಗಿ ತಂದಿದ್ಲಾ?"

"ಹಕ್ಕಿ ಕಾಲಿಗೆ ಬೀಜ ಅಂಟಿಕೊಂಡು ಬಂದಿರಬಹುದು."

"ಅಷ್ಟು ದೂರದಿಂದ ಬಂದ ಹಕ್ಕಿಗೆ ನಮ್ಮ ಕೆರೆನೇ ಆಗ್ಬೇಕಾಗಿತ್ತಾ ಪಾಪ! ಮೈಸೂರಲ್ಲಿ ಇಳ್ಕಂಡಿದ್ರೆ ಕಾಫಿನಾದ್ರೂ ಸಿಕ್ತಿತ್ತು."

ಇಬ್ಬರೂ ನಕ್ಕೆವು. ಆಮೇಲೆ ಅವಳು ನಗು ನಿಲ್ಲಿಸಿ, "ಆ ದೇಸದ ಮಾತು ತಗದ್ಬುಡು ಮಗ. ಚಾಪೆ ಜೊಂಡು ಅಂತ ಬರಿ, ಸಾಕು" ಅಂದಳು. ಅವಳಿಗೆ ತಿಳಿಯುವುದಿಲ್ಲ ಅಂದುಕೊಂಡೆ. ಕಾಗದವನ್ನು ಹಾಗೆಯೇ ಮೆಂಬರ ಕೈಗೆ ಕೊಟ್ಟೆ.

ಗ್ರಾಮಸಭೆ ಸೇರಿದ್ದು ಸ್ಕೂಲಿನ ವರಾಂಡದಲ್ಲಿ. ಮೆಂಬರು ನನ್ನ ಕಾಗದವನ್ನು ಗಟ್ಟಿಯಾಗಿ ಓದಿದರು. ಓದು ಮುಗಿಯುವ ಮೊದಲೇ ವಾಚರ್ ಮುದುಕಪ್ಪ ಎದ್ದು ನಿಂತ.

"ದಕ್ಷಿಣ ಅಮೆರಿಕ ಅಂದ್ರೆ ಲಂಟಾನ ಬಂದ ಕಡೆ ಅಲ್ವಾ ಮೇಷ್ಟ್ರೇ?"

"ಹೌದು, ಆ ಕಡೆಯದೇ. ಆದರೆ..."

ಆ 'ಆದರೆ' ಯಾರ ಕಿವಿಗೂ ಬೀಳಲಿಲ್ಲ. ಲಂಟಾನ ಅಂದರೆ ನಮ್ಮ ಜನಕ್ಕೆ ಪಾಠ ಹೇಳಬೇಕಾಗಿಲ್ಲ. ಬಂಡೀಪುರದ ಅಂಚಿನಲ್ಲಿ ದನ ಬಿಟ್ಟವರೆಲ್ಲ ಕಾಡು ನುಂಗುವ ಆ ಪರದೇಶಿ ಕಳೆಯನ್ನು ಕಂಡವರೇ.

"ಕೈ ಚರ್ಮ ಕಿತ್ತೋಗಗಂಟ ಕಿತ್ತಿದೀನಿ ಕಣ್ರಪ್ಪ ಅದ್ನ. ಒಂದು ಬೇರು ಬುಟ್ರೆ ಮುಂದಿನ್ ವರ್ಸಕ್ಕೆ ಒಂದು ಬಯಲು. ಜಿಂಕೆಗೆ ಉಲ್ಲು ಅನ್ನದೇ ಇಲ್ಲ. ಕಾಡ್ ಆಳಾಯ್ತು, ಕೆರೆನೂ ಆಳಾಗ್ಲಾ? ನಿಮ್ಮತ್ತೆ ಮ್ಯಾಲೆ ನಂಗೇನು ಅಗೆ ಇಲ್ಲ ಮೇಷ್ಟ್ರೇ. ಬೇರ್ ಸಮೇತ ತಗಿಸ್ಬೇಕು, ಅಷ್ಟೇಯ" ಅಂದ ಮುದುಕಪ್ಪ. ಅವನ ಕಣ್ಣಲ್ಲಿ ನೀರಿತ್ತು. ಸುಳ್ಳು ಹೇಳುವ ಮನುಷ್ಯನಲ್ಲ ಅವನು.

ಅತ್ತೆ ಹೆಂಗಸರ ಸಾಲಿನಿಂದ ಎದ್ದು ನನ್ನ ಹತ್ತಿರ ಬಂದಳು. ಸಭೆಯಲ್ಲಿ ಅವಳು ಎದ್ದು ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಅದು ನಮ್ದೇ ಅನ್ನು ಮಗ. ತಪ್ಪಾಯ್ತು ಅನ್ನು. ಒಂದೇ ಮಾತು."

"ನೋಡಿ ಬರೆದಿದ್ದೀನಿ ಅತ್ತೆ. ಇಲ್ಲ ಅಂತ ಹೇಗೆ ಹೇಳಲಿ?" ಅಂದೆ.

ಮೆಂಬರು ನನ್ನ ಮುಖ ನೋಡಿದರು. ಜೊಂಡನ್ನು ಬೇರು ಸಮೇತ ತೆಗೆಸುವುದೆಂದು ತೀರ್ಮಾನ ಬರೆದುಕೊಂಡರು.

ಜೆಸಿಬಿ ಬಂದಿದ್ದು ಪಡುವಣ ಮೂಲೆಗೇ ಮೊದಲು. ಕೆರೆಯ ಕಪ್ಪು ಗೋಡುಮಣ್ಣನ್ನು ಗೆಡ್ಡೆ ಸಮೇತ ಎತ್ತಿ ಟ್ರ್ಯಾಕ್ಟರುಗಳಿಗೆ ತುಂಬಿದರು. ಗೊಬ್ಬರಕ್ಕೆ ಒಳ್ಳೆಯದೆಂದು ಜನ ತಮ್ಮ ತಮ್ಮ ಹೊಲಕ್ಕೆ ಹೊಡೆಸಿಕೊಂಡರು. ನೀರುಕೋಳಿಗಳು ಎರಡು ದಿನ ಏರಿಯ ಮೇಲೆ ಓಡಾಡಿಕೊಂಡಿದ್ದು ಆಮೇಲೆ ಕಾಣಲಿಲ್ಲ.

ಅದಾದ ತಿಂಗಳೊಳಗೆ ಕಾಲೇಜಿನ ಲ್ಯಾಬಿಗೆ ಸುಣ್ಣ ಹೊಡೆಯುವುದಕ್ಕೆಂದು ಹಳೆಯ ಕಪಾಟು ಖಾಲಿ ಮಾಡುತ್ತಿದ್ದೆವು. ಒಣಗಿಸಿ ಕಾಗದಕ್ಕೆ ಅಂಟಿಸಿದ ಗಿಡಗಳ ಕಟ್ಟಿನಲ್ಲಿ ಒಂದು ಜೊಂಡು ಸಿಕ್ಕಿತು. ಅದೇ ದಂಟು, ಅದೇ ತೆನೆ. ಮೂಲೆಯಲ್ಲಿ ನಮ್ಮೂರ ಕೆರೆಯ ಹೆಸರು. ನಾನು ಹುಟ್ಟುವುದಕ್ಕೂ ಮುಂಚೆ ಯಾರೋ ಮೇಷ್ಟ್ರು ಕಿತ್ತು ತಂದು, ಇದು ಈ ನೆಲದ್ದೇ ಎಂದು ಗುರುತಿಸಿ, ಹೆಸರು ಬರೆದಿಟ್ಟಿದ್ದರು. ಆಗ ನಮ್ಮ ಪುಸ್ತಕವನ್ನು ತೆಗೆದು ನೋಡಿದೆ. ಗರಿಯಂಥ ಕೂದಲು ಆ ತೊತೋರಕ್ಕೂ ಇದೆ, ಅದರ ದಾಯಾದಿಯಾದ ಈ ದೇಶದ ಜೊಂಡಿಗೂ ಇದೆ. ಒಂದು ಪುಟ ತಿರುವಿದ್ದರೆ ಗೊತ್ತಾಗುತ್ತಿತ್ತು.

ಅವತ್ತೇ ಬಸ್ಸು ಹತ್ತಿ ಊರಿಗೆ ಹೋಗಿ ಹೇಳಿದೆ. ಅತ್ತೆ ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ತಲೆ ಎತ್ತಲಿಲ್ಲ.

"ನಮ್ದೇ ಅಂತ ಕಾಗ್ದ ಏಳ್ತಾ?"

"ಹೌದು ಅತ್ತೆ."

"ಸರಿ ಬುಡು. ಉಂಡ್ಕೊಂಡು ಓಗು."

ಹೊಲಗಳಲ್ಲಿ ಹರಡಿದ್ದ ಗೋಡು ಕೆದಕಿ ನಾವಿಬ್ಬರೂ ಗೆಡ್ಡೆ ಹುಡುಕಿದೆವು. ಮುಕ್ಕಾಲು ಪಾಲು ಬಿಸಿಲಿಗೆ ಸುಟ್ಟು ಸೌದೆಯಾಗಿದ್ದವು. ಸಿಕ್ಕಿದ ಒಂದು ಬುಟ್ಟಿಯನ್ನು ಕೆರೆಯ ಅಂಚಿನಲ್ಲಿ ಊರಿದೆವು. ಆದರೆ ಜೆಸಿಬಿ ತೋಡಿದ ಮೇಲೆ ಅಂಚು ಅನ್ನುವುದೇ ಉಳಿದಿರಲಿಲ್ಲ, ಕಾಲಿಟ್ಟರೆ ಎದೆಮಟ್ಟ ನೀರು. ಊರಿದ್ದೆಲ್ಲ ಕೊಳೆಯಿತು. ಬೈಕಿನ ಹಿಂದೆ ಅತ್ತೆಯನ್ನು ಕೂರಿಸಿಕೊಂಡು ಚಂದಕವಾಡಿಯ ಆಚೆಗೂ ಕೆರೆ ಕೆರೆ ಸುತ್ತಿದೆ. ಒಂದರಲ್ಲಿ ಬರೀ ಆಪು ಎಂಬ ಪಟ್ಟಿ ಎಲೆಯ ಹುಲ್ಲು, ಅದನ್ನು ಹೆಣೆದರೆ ಮುರಿಯುತ್ತದೆ. ಇನ್ನೊಂದರ ತುಂಬ ನೇರಳೆ ಹೂವಿನ ಅಂತರಗಂಗೆ. ನಿಜವಾಗಿ ದಕ್ಷಿಣ ಅಮೆರಿಕದಿಂದ ಬಂದ ಗಿಡ ಅದು. ಅದನ್ನು ತೆಗೆಸಿ ಎಂದು ಯಾರೂ ಯಾರ ಕೈಯಲ್ಲೂ ಕಾಗದ ಬರೆಸಿರಲಿಲ್ಲ.

"ಸಾಕು ನಡಿ ಮಗ, ಸೊಂಟ ನೋಯ್ತದೆ" ಅಂದಳು ಅತ್ತೆ.

ಪುಣಜನೂರಿನಿಂದ ಬಾಣಂತಿ ಚಾಪೆ ಕೇಳಿಕೊಂಡು ಬಂದವರನ್ನು ಅವಳು ಬಾಗಿಲಲ್ಲೇ ಮಾತಾಡಿಸಿ ಕಳಿಸಿದಳು. ಅವರು ಹೋಗುತ್ತಾ ಚಾಮರಾಜನಗರದಲ್ಲಿ ಇಳಿದು ಅಂಗಡಿಯ ಚಾಪೆ ಕೊಂಡರಂತೆ.

ಮುಂದಿನ ಮಳೆಗಾಲ ಅತ್ತೆ ಗುಂಡ್ಲುಪೇಟೆ ಕಡೆಯ ಚೆಂಡುಹೂವಿನ ಹೊಲಗಳಿಗೆ ಕೂಲಿಗೆ ಹೋಗತೊಡಗಿದಳು. ಟೆಂಪೋ ಏಳು ಗಂಟೆಗೆ ಬರುತ್ತಿತ್ತು. ಅವಳು ಬುತ್ತಿ ಹಿಡಿದು ಆರೂವರೆಗೇ ರಸ್ತೆಗೆ ಹೋಗಿ ನಿಲ್ಲುತ್ತಿದ್ದಳು.