ಆರನೆಯ ಬೆರಳಿಗೆ ಬಾಳೆನಾರಿನ ಗಂಟು

ಮಸಾಬ ಬೆಟ್ಟದ ನೆತ್ತಿಯಿಂದ ಮಂಜು ಇನ್ನೂ ಇಳಿದಿಲ್ಲ. ಬೆಟ್ಟದ ಬುಡದ ಎಂಬಾಲೆ ಎಂಬ ಊರಿನ ಅಂಚಿನ ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನ ಬಾಗಿಲು ತಳ್ಳಿಕೊಂಡು ಒಳಬರುವ ಪ್ಲಾಸ್ಟರ್ ಕೋಣೆಯ ನಫೂನಾ ಯಾವ ಮಗುವಿನ ಮುಖವನ್ನೂ ನೋಡುವುದಿಲ್ಲ. ಹೊದಿಕೆಯ ತುದಿ ಎತ್ತಿ ನೇರವಾಗಿ ಕಾಲಿಗೇ ಕೈ ಹಾಕುತ್ತಾರೆ. "ಮುಖ ಆಮೇಲೆ ನೋಡಿದ್ರಾಯ್ತು. ನೋವಿದ್ರೂ ಇಲ್ಲ ಅನ್ನತ್ತೆ ಅದು. ಕಾಲಿಗೆ ಅಂಥಾ ನಾಟಕ ಬರಲ್ಲ" ಎನ್ನುವುದು ಅವರ ಸಮಜಾಯಿಷಿ.

ಕಿಟಕಿಯ ಪಕ್ಕದ ಮಂಚದ ಬಳಿ ಬಂದಾಗ ಅವರು ಬಗ್ಗಿ ಕಾಲನ್ನು ಇನ್ನೊಮ್ಮೆ ನೋಡುತ್ತಾರೆ. ಅಲ್ಲಿ ಮಲಗಿರುವವಳು ಏಳು ವರ್ಷದ ಮುಟೋನಿ, ಎಡಗಾಲಿನಲ್ಲಿ ಆರು ಬೆರಳಿನ ಹುಡುಗಿ. ನಿನ್ನೆ ಸಂಜೆ ಅವಳ ಪಾದದ ಮೇಲ್ಗಡೆ, ಕಣಕಾಲಿಗೆ, ನಫೂನಾ ಸ್ವತಃ ಒಂದು ಬಾಳೆನಾರು ಸುತ್ತಿದ್ದರು. ಈಗ ಕಣಕಾಲು ಬರಿದು. ಅದೇ ನಾರು ಪಾದದ ಕಟ್ಟಕಡೆಯ ಕಿರುಬೆರಳಿನ ಬುಡಕ್ಕೆ ಬಿಗಿಯಾಗಿ ಕೂತಿದೆ. ಬೆರಳು ಊದಿ, ಉಗುರು ನೀಲಿಗಟ್ಟಿದೆ. ಪಕ್ಕದಲ್ಲಿ ಹುಡುಗಿಯ ಅಜ್ಜಿ ಕಾಕಾಯಿ, ಹಾಲಿನ ಚಹಾ ಊದುತ್ತಾ, ಕೆಲಸ ಮುಗಿಸಿದವರ ನೆಮ್ಮದಿಯಲ್ಲಿ ಕೂತಿದ್ದಾರೆ.

"ನೀನು ತಪ್ಪು ಜಾಗಕ್ಕೆ ಕಟ್ಟಿದ್ದೆ ಕಣಮ್ಮ. ಪಾಪ, ಇಷ್ಟೊಂದು ಮಕ್ಕಳ ಮಧ್ಯೆ ನಿಂಗಾದ್ರೂ ಹೇಗೆ ಗೊತ್ತಾಗಬೇಕು? ಈಗ ಕೋಳಿ ಕೂಗಿದಾಗ ಎದ್ದು ನಾನೇ ಸರಿಮಾಡ್ದೆ. ನಾಕು ದಿನ ಬಿಟ್ರೆ ತಾನಾಗೇ ಉದುರತ್ತೆ. ನಿಮ್ಮ ಚಾಕೂನೂ ಬೇಡ, ಏನೂ ಬೇಡ" ಎನ್ನುತ್ತಾರೆ ಅಜ್ಜಿ.

ನಫೂನಾ ಪ್ಲಾಸ್ಟರ್ ಕತ್ತರಿಯ ತುದಿ ತೂರಿಸಿ ನಾರು ಕತ್ತರಿಸುತ್ತಾರೆ. ಬೆರಳನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಮಂಚದ ಅಂಚಿನಲ್ಲಿ ಕೂರುತ್ತಾರೆ. ಆಮೇಲೆ ಅಜ್ಜಿಯ ಕಡೆ ತಿರುಗಿ ಮೆಲ್ಲಗೆ, "ಅಜ್ಜೀ, ನೀವು ಕಟ್ಟಿದ್ದು ಉಳೀಬೇಕಾದ ಬೆರಳಿಗೆ" ಎನ್ನುತ್ತಾರೆ.

ಈ ನಾರಿನ ಕಥೆ ಹೇಳದಿದ್ದರೆ ಅಜ್ಜಿಯ ಮೇಲೆ ಸುಮ್ಮನೆ ಸಿಟ್ಟು ಬಂದೀತು. ಬೆಟ್ಟದ ಈ ಮಗ್ಗುಲಲ್ಲಿ ಹೆಚ್ಚು ಬೆರಳಿನ ಮಕ್ಕಳು ಹುಟ್ಟುವುದು ಹೊಸದಲ್ಲ. ಹುಟ್ಟಿದ ವಾರದಲ್ಲೇ ಮನೆಯ ಹಿರಿಯಳು ಬಾಳೆಯ ಒಣಗಿದ ಪಟ್ಟೆಯಿಂದ ಎಳೆ ಸೀಳಿ ಬೆರಳ ಬುಡಕ್ಕೆ ಬಿಗಿಯುತ್ತಾಳೆ. ಬರೀ ಚರ್ಮಕ್ಕೆ ಜೋತುಬಿದ್ದ ಬೆರಳಾದರೆ ಅದು ಒಣಗಿ ಬೀಳುವುದೂ ಉಂಟು. ಒಳಗೆ ಮೂಳೆ ಇದ್ದರೆ ಮಾತ್ರ ಮಗುವಿನ ಪಾಡು ದೇವರೇ ಬಲ್ಲ. ಕೀವು, ಜ್ವರ, ಕೊನೆಗೆ ಅರ್ಧಂಬರ್ಧ ಉಳಿದ ಗಂಟು.

ಅಂಥದ್ದೊಂದು ಗಂಟು ನಫೂನಾ ಅವರ ಬಲಗಾಲಿನಲ್ಲೇ ಇದೆ. "ನಮ್ಮಮ್ಮ ಕಟ್ಟಿದ್ದು. ಪ್ರೀತಿಯಿಂದಾನೇ ಕಟ್ಟಿದ್ಲು ಅನ್ನಿ. ಆದ್ರೆ ನಂಗೆ ಹೊಂದೋ ಚಪ್ಪಲಿ ಮಾಡೋನು ಇನ್ನೂ ಹುಟ್ಟಿಲ್ಲ" ಎಂದು ಅವರು ನಗುತ್ತಾರೆ. ಕಾಫಿ ತೋಟದಲ್ಲಿ ಹಣ್ಣು ಬಿಡಿಸುವ ಕೂಲಿ ಬಿಟ್ಟು ಆಸ್ಪತ್ರೆಯ ನೆಲ ಒರೆಸಲು ಸೇರಿದವರು, ಪ್ಲಾಸ್ಟರ್ ಕಲಸುವುದು ಕಲಿತರು, ರಾತ್ರಿ ಶಾಲೆಗೆ ಹೋಗಿ ಪರೀಕ್ಷೆ ಕಟ್ಟಿದರು. ಎರಡು ಸಲ ಫೇಲಾಗಿ ಮೂರನೆಯ ಸಲ ಪಾಸಾದರು. ಈಗ ಪ್ಲಾಸ್ಟರ್ ಕೋಣೆ ಅವರದೇ ರಾಜ್ಯ. ಕಾಲಿನ ಶಸ್ತ್ರಚಿಕಿತ್ಸೆಗೆ ಬರುವ ಮಕ್ಕಳನ್ನು ಮೊದಲು ನೋಡಿ ವಿಂಗಡಿಸುವುದು ಅವರ ಕೆಲಸ.

ಹೆಚ್ಚುವರಿ ಬೆರಳು ಹೆಬ್ಬೆರಳಿನ ಕಡೆಯದೋ, ನಡುವಿನದೋ, ಕಿರುಬೆರಳಿನ ಕಡೆಯದೋ? ಚರ್ಮಕ್ಕೆ ನೇತಾಡುತ್ತಿದೆಯೋ, ಸ್ವಂತ ಕೀಲು ಇದೆಯೋ, ಇಲ್ಲ ಪಕ್ಕದ ಬೆರಳಿನ ಮೂಳೆಯಲ್ಲೇ ಪಾಲು ಕೇಳಿಕೊಂಡು ಕೂತಿದೆಯೋ? ಇದನ್ನು ಸರಿಯಾಗಿ ಹೇಳಿದರೆ ಮಾತ್ರ ಯಾವುದನ್ನು ತೆಗೆಯಬೇಕು, ಯಾವುದನ್ನು ಉಳಿಸಬೇಕು ಎಂಬುದು ತೀರ್ಮಾನವಾಗುತ್ತದೆ. ನಫೂನಾ ಮಗುವನ್ನು ಅಂಗಳದ ಒದ್ದೆ ಕೆಮ್ಮಣ್ಣಿನ ಮೇಲೆ ನಡೆಸುತ್ತಾರೆ. ಯಾವ ಬೆರಳು ನೆಲಕ್ಕೆ ಒತ್ತುತ್ತದೆ, ಯಾವುದು ಸುಮ್ಮನೆ ಸವಾರಿ ಮಾಡುತ್ತದೆ ಎಂಬುದು ಹೆಜ್ಜೆಯಲ್ಲೇ ಕಾಣುತ್ತದೆ. ಆಮೇಲೆ ಎಕ್ಸ್‌ರೇ ಹಿಡಿದು, ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರ್ ಮಸೋಲೊ ಜೊತೆ ಕೂತು ವಾದ. "ನನ್ನ ಲೆಕ್ಕ ತಪ್ಪಿದ್ದೂ ಉಂಟು. ಹೊರಗಡೆ ಪಾಪದ ಥರ ಇರತ್ತೆ, ಫೋಟೋದಲ್ಲಿ ನೋಡಿದ್ರೆ ಒಳಗೆ ದೊಡ್ಡ ಸಂಸಾರಾನೇ ಹೂಡಿರತ್ತೆ" ಎನ್ನುತ್ತಾರೆ ಅವರು.

ಡಾಕ್ಟರ್ ಬರುವುದು ರಾಜಧಾನಿಯಿಂದ, ಅದೂ ಆಗೊಮ್ಮೆ ಈಗೊಮ್ಮೆ. ಆ ದಿನ ವಾರ್ಡು ಸಂತೆಯಾಗಿರುತ್ತದೆ. ಯಾವ ಮಗುವಿನದು ಎಂಥ ಬೆರಳು ಎಂಬ ಗುರುತಿಗೆ ಚೀಟಿ ಕಟ್ಟಿದರೆ ಮಕ್ಕಳು ಹರಿಯುತ್ತಾರೆ, ಶಾಯಿ ಹಚ್ಚಿದರೆ ತಾಯಂದಿರು ತಿಕ್ಕಿ ತೊಳೆಯುತ್ತಾರೆ. ಅದಕ್ಕೇ ನಫೂನಾ ಕಣಕಾಲಿಗೆ ಸಡಿಲವಾಗಿ ಬಾಳೆನಾರು ಸುತ್ತುವ ಉಪಾಯ ಹೂಡಿದರು. ಚರ್ಮದ ಬೆರಳಿಗೆ ಒಂದು ಗಂಟು, ಕೀಲಿನದಕ್ಕೆ ಎರಡು, ಮೂಳೆ ಹಂಚಿಕೊಂಡದ್ದಕ್ಕೆ ಮೂರು. ಬೆರಳು ಯಾವ ಕಡೆಯೋ ಗಂಟೂ ಆ ಕಡೆಗೇ.

ಮುಟೋನಿಯದು ಕಿರುಬೆರಳ ಕಡೆಗೆ ಮೂರು ಗಂಟು. ಬಹುತೇಕ ಪಾದಗಳಲ್ಲಿ ಕಟ್ಟಕಡೆಯದೇ ಹೆಚ್ಚಿನದು. ಇವಳಲ್ಲಿ ಹಾಗಲ್ಲ. ಒಂದೇ ಅಗಲವಾದ ಮೂಳೆಯ ಮೇಲೆ ಎರಡು ಬೆರಳು ಕೂತಿವೆ. ಒಳಗಿನದು ಸೊಟ್ಟ, ಬಲವಿಲ್ಲದ್ದು, ಹೊರಗಿನದೇ ಗಟ್ಟಿ. ಗಟ್ಟಿಯದನ್ನು ಉಳಿಸಿ ಪಾದವನ್ನು ಸಪುರ ಮಾಡಿದರೆ ಬೆಟ್ಟದ ಕೆಸರಿನಲ್ಲಿ ಅವಳೂ ಎಲ್ಲರಂತೆ ಗಂಬೂಟು ಹಾಕಿ ಶಾಲೆಗೆ ಹೋಗಬಹುದು. ಆ ಗಟ್ಟಿ ಬೆರಳೇ ಈಗ ನಫೂನಾ ಅಂಗೈಯಲ್ಲಿದೆ. ಅದು ಸತ್ತರೆ ಹುಡುಗಿಗೆ ಉಳಿಯುವುದು ಸೊಟ್ಟದ್ದೊಂದೇ.

ಸಂಗತಿ ತಿಳಿದದ್ದೇ ಕಾಕಾಯಿ ಅಜ್ಜಿಯ ಚಹಾ ಕೈಯಲ್ಲೇ ನಿಲ್ಲುತ್ತದೆ. "ನಮ್ಮ ಹಟ್ಟಿಯಲ್ಲಿ ಎಷ್ಟು ಕೂಸುಗಳಿಗೆ ಕಟ್ಟಿದೀನಿ ನಾನು. ಯಾರೂ ಹೀಗೆ ಹೇಳ್ಲಿಲ್ವಲ್ಲ" ಎಂದು ಲೋಟ ಕೆಳಗಿಡುತ್ತಾರೆ. ಮುಟೋನಿ ಮಾತ್ರ, "ಅಜ್ಜೀ, ನಾನು ನೋಯತ್ತೆ ಅಂದ್ರೆ ನೀನು ಸುಮ್ನಿರು ಅಂದೆ" ಎಂದು ದೂರುತ್ತಾಳೆ.

"ಅಜ್ಜಿಗೆ ಬೈಬೇಡ. ತಪ್ಪು ನಂದೂ ಇದೆ. ಬೆಟ್ಟದೋರ ಕೈಗೆ ಬಾಳೆನಾರು ಕೊಟ್ಟು ಬೆರಳಿಗೆ ಕಟ್ಬೇಡಿ ಅಂತ ಹೇಳೋದು ಮರ್ತಿದೀನಲ್ಲ, ನನ್ನಂಥ ಪೆದ್ದಿ ಯಾರಿದಾರೆ" ಎನ್ನುತ್ತಾರೆ ನಫೂನಾ. ಉಗುರು ಒತ್ತುತ್ತಾರೆ. ಬಿಳಿಚಿಕೊಳ್ಳುತ್ತದೆ, ಬಿಟ್ಟರೂ ರಕ್ತದ ಬಣ್ಣ ಮರಳುವುದಿಲ್ಲ. ಮತ್ತೆ ಅಂಗೈಯ ಕಾವು. ಮತ್ತೆ ಒತ್ತುತ್ತಾರೆ. ಈ ಸಲ ಉಗುರಿನ ಬುಡದಲ್ಲಿ ತೆಳ್ಳಗೆ ಕೆಂಪು ಹರಿದು ನಿಲ್ಲುತ್ತದೆ. ಅಜ್ಜಿ ನೆಲದ ಮೇಲೆಯೇ ಕುಸಿದು ಕೂತು ಗೊಳೋ ಎಂದು ಅಳುತ್ತಾರೆ. ಅಳುತ್ತಲೇ ನಗುತ್ತಾರೆ.

ಡಾಕ್ಟರ್ ಮಸೋಲೊ ಬಂದು ಬೆರಳು ನೋಡುತ್ತಾರೆ. "ನಫೂನಕ್ಕಾ, ಈಗಲೇ ಬೇಡ. ಇವಳನ್ನ ಕೊನೆಗಿಡಿ. ಊತ ಇಳಿದ್ರೆ ಇವತ್ತೇ ಮುಗಿಸೋಣ" ಎನ್ನುತ್ತಾರೆ. ನಫೂನಾ ಬೇರೆ ಕಾಲುಗಳ ಕೆಲಸದ ನಡುವೆ ಬಂದುಬಂದು ಆ ಉಗುರು ಒತ್ತುತ್ತಾರೆ. ಅಜ್ಜಿ ನೆಲದಲ್ಲಿ ಕೂತು ಹುಡುಗಿಯ ಪಾದವನ್ನು ದಿಂಬಿನ ಮೇಲೆ ಎತ್ತಿ ಹಿಡಿದೇ ಇದ್ದಾರೆ. ಮನೆಯಿಂದ ಕಟ್ಟಿ ತಂದ ಕಳಲೆ-ಕಡಲೆಬೀಜದ ಸಾರನ್ನೂ ಬಿಚ್ಚಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಊತವೂ ಇಳಿಯುತ್ತದೆ. ಮುಟೋನಿಯನ್ನು ಒಳಗೆ ಕರೆದೊಯ್ಯುತ್ತಾರೆ. ಸೊಟ್ಟದ್ದು ಹೋಗುತ್ತದೆ, ಗಟ್ಟಿಯದು ಉಳಿಯುತ್ತದೆ.

ತಿಂಗಳಾದ ಮೇಲೆ ಕಾಕಾಯಿ ಅಜ್ಜಿ ಮತ್ತೆ ಬಂದಿದ್ದಾರೆ. ಜೊತೆಯಲ್ಲಿ ಪಟ್ಟಿ ಬಿಚ್ಚಿಸಿಕೊಳ್ಳಲು ಬಂದ ಮುಟೋನಿಯಷ್ಟೇ ಅಲ್ಲ, ಬೆನ್ನಿಗೆ ಕಟ್ಟಿಕೊಂಡ ಪಕ್ಕದ ಮನೆಯ ಕೂಸೂ ಇದೆ. "ಇದಕ್ಕೂ ಆರು. ಕಟ್ಟು ಅಂತ ನನ್ನ ಹತ್ರಾನೇ ತಂದಿದ್ರು. ನಾನು ಮುಟ್ಟಲಿಲ್ಲಮ್ಮ. ಎಷ್ಟು ಗಂಟು ಅಂತ ನೀನೇ ಹೇಳು" ಎನ್ನುತ್ತಾರೆ. ನಫೂನಾ ಕೂಸಿನ ಪಾದ ಹಿಡಿದು, ಮೆಲ್ಲಗೆ ಒತ್ತಿ, "ಒಂದೇ ಗಂಟು ಅಜ್ಜಿ, ಸುಲಭದ್ದು. ಆದ್ರೂ ನಾವೇ ತೆಗೀತೀವಿ" ಎನ್ನುತ್ತಾರೆ.

ಮುಟೋನಿ ಅಂಗಳದಲ್ಲಿ ಓಡುತ್ತಿದ್ದಾಳೆ. ನಿಲ್ಲು ಎಂದರೆ ನಿಲ್ಲುವವಳಲ್ಲ. ನಿಮಗೇನು ಆಸೆ ಎಂದು ನಫೂನಾ ಅವರನ್ನು ಕೇಳಿದರೆ ಅವಳ ಕಡೆಗೇ ನೋಡುತ್ತಾ ಹೇಳುತ್ತಾರೆ: "ದೊಡ್ಡೋಳಾದ್ಮೇಲೆ ಯಾರಾದ್ರೂ, ನಿಂಗೆ ಆಪರೇಷನ್ ಆಗಿದ್ದು ಯಾವ ಕಾಲಿಗೆ ಅಂತ ಕೇಳಿದ್ರೆ, ಅವಳು ಬಗ್ಗಿ ಎರಡೂ ಕಾಲು ನೋಡ್ಕೊಂಡು ಯೋಚ್ನೆ ಮಾಡ್ಬೇಕು. ಅಷ್ಟಾದ್ರೆ ಸಾಕು ನಂಗೆ."