ದೋಣಿ ಇರಿಸುವ ಸ್ಥಳ
ಪ್ರತಿ ವರ್ಷ ಮಾರ್ಚ್ ತಿಂಗಳ ಮೊದಲ ಸೋಮವಾರ ಕಡಲತೀರದ ಊರು ಪೋರ್ಟ್ ಕ್ಯಾರೋದ ದೋಣಿ ನೋಂದಣಿ ಕಚೇರಿ ಬಾಗಿಲು ತೆರೆಯುವ ಮೊದಲೇ, ಎಪ್ಪತ್ತು ದಾಟಿದ ಕ್ಲೆಮ್ ಟ್ರೆಜೈಸ್ ಅದರ ಮೆಟ್ಟಿಲ ಮೇಲೆ ಕುಳಿತಿರುತ್ತಾನೆ. ಮೋಜಿಗೆ ಮೀನು ಹಿಡಿಯುವ ತಗಡಿನ ದೋಣಿಗಳ ಕಾನೂನೆಲ್ಲ ಅವನಿಗೆ ಬಾಯಿಪಾಠ. ಸಾಲಿನಲ್ಲಿ ನಿಂತವರಿಗೆ, "ನಂಬರು ಗೇಣುದ್ದ ಇರ್ಬೇಕು, ಎರಡೂ ಪಕ್ಕ ಬರೀಬೇಕು, ದೂರದಿಂದ ಕಾಣ್ಬೇಕು ಕಣಯ್ಯಾ" ಎಂದು ಉಪದೇಶ ಮಾಡುತ್ತಾನೆ. "ಇವನ ಸ್ನಾನದ ತೊಟ್ಟಿಗೂ ನಂಬರಿದೆಯಂತೆ" ಎಂದು ಜನ ನಗುತ್ತಾರೆ; ಅವನೂ ನಗುತ್ತಾನೆ. ಆಮೇಲೆ ತನ್ನ ದೋಣಿಯ ನೋಂದಣಿ ನವೀಕರಿಸುವ ಅರ್ಜಿಯನ್ನು ಅಂಗೈಯಿಂದ ಮೂರು ಸಲ ಸವರಿ, ಮನೆಯಿಂದ ತಂದ ಪೆನ್ನಿನಿಂದಲೇ ತುಂಬುತ್ತಾನೆ. ಈ ವರ್ಷ ಹೊಸದಾಗಿ ಬಂದ ಗುಮಾಸ್ತೆ ನೊಲೀನ್, ದೋಣಿ ಇರಿಸುವ ಸ್ಥಳ ಎಂಬಲ್ಲಿ ಅವನು 'ಸಮುದ್ರ' ಎಂದು ಬರೆದದ್ದನ್ನು ಕಂಡು, "ಯಜಮಾನ್ರೇ, ಇಲ್ಲಿ ಮನೆ ವಿಳಾಸ ಹಾಕ್ಬೇಕು" ಎಂದಳು. "ದೋಣಿ ಮನೇಲಿಲ್ಲಮ್ಮ. ಆರು ವರ್ಷದ ಹಿಂದೆ ನನ್ನ ತಮ್ಮ ವಾಲ್ ಮೀನಿಗೆ ಅಂತ ತಗೊಂಡು ಹೋದ, ವಾಪಸ್ ಬರ್ಲಿಲ್ಲ. ಹತ್ತು ದಿನ ಹುಡುಕಿ ಬಿಟ್ಬಿಟ್ರು." "ಹಾಗಿದ್ರೆ ನೋಂದಣಿ ರದ್ದು ಮಾಡ್ಸಿಬಿಡಿ, ಇದ್ಯಾಕೆ ಸುಮ್ನೆ?" "ರದ್ದಾದ್ಮೇಲೆ ಯಾರಿಗಾದ್ರೂ ಅದು ಸಿಕ್ಕಿದ್ರೆ, ನಂಗೆ ಹೇಗಮ್ಮ ತಿಳಿಸ್ತಾರೆ?" ನೊಲೀನ್ ಅರ್ಜಿಗೆ ಮುದ್ರೆ ಒತ್ತಿ, ತಗ್ಗಿದ ದನಿಯಲ್ಲಿ ಕೇಳಿದಳು, "ಫೋನ್ ನಂಬರು ಹಳೇದೇ ತಾನೆ?" "ಅದನ್ನ ಬದಲಾಯ್ಸೋಕಾಗತ್ತೇನಮ್ಮ?" ಎಂದ ಕ್ಲೆಮ್.